ಗಡಗಡ ನಿಂತ ದಿನ

ಮೇಷ್ಟ್ರಿಗೆ ಎರಡು ಹೆಮ್ಮೆ. ಒಂದು, ತಮ್ಮ ಹನ್ನೆರಡು ವರ್ಷದ ಹ್ಯಾಚ್‌ಬ್ಯಾಕ್ ಕಾರು. ಇನ್ನೊಂದು, ಮನೆಯ ಶಿಸ್ತು. ಸಂಜೆ ಅವರು ಶಾಲೆಯಿಂದ ಬಂದಾಗ ಟಿವಿ ಆಫ್ ಆಗಿರುತ್ತಿತ್ತು. ಸಕ್ಕರೆ ಕಾಯಿಲೆಯ ಅಪ್ಪ ಪೇಪರ್ ಹಿಡಿದು ಸಾಧುವಿನಂತೆ ಕೂತಿರುತ್ತಿದ್ದರು. ಹೆಂಡತಿ ಗಂಭೀರವಾಗಿ ಬಟ್ಟೆ ಮಡಚುತ್ತಿರುತ್ತಿದ್ದಳು. "ದನಿ ಎತ್ತದೆ ಮನೆ ನಡೆಸ್ತೀನಿ ಕಣ್ರೀ!" ಎಂದು ಸ್ಟಾಫ್ ರೂಮಿನಲ್ಲಿ ಕಾಲರ್ ಎತ್ತಿಕೊಂಡು ಹೇಳುತ್ತಿದ್ದರು.

ಮೊದಲನೇ ಹೆಮ್ಮೆಗೆ ಮಾತ್ರ ಮನೆಯಲ್ಲಿ ಮೂರು ಕಾಸಿನ ಬೆಲೆಯಿರಲಿಲ್ಲ. ಚಕ್ರಗಳಿಗೆ ತುಕ್ಕು. ಉಳಿದಿದ್ದ ಒಂದೇ ವೀಲ್ ಕ್ಯಾಪನ್ನು ತಂತಿಯಿಂದ ಕಟ್ಟಿದ್ದರು. ಅದು ಬೀದಿಯ ತಿರುವಿನಿಂದಲೇ ಗಡಗಡ ಎನ್ನುತ್ತ ಬರುತ್ತಿತ್ತು. ಹೆಂಡತಿ ಕಾರಿಗಿಟ್ಟ ಹೆಸರು 'ಡಬ್ಬ'.

"ನೋಡ್ತಾ ಇರು! ಅಲಾಯ್ ವೀಲ್ ಹಾಕಿಸ್ತೀನಿ. ನಿನ್ನ ಬಾಯಿಂದ 'ಆಹಾ' ಅನ್ನಿಸ್ದೇ ಇದ್ರೆ ನಾನು ಮೇಷ್ಟ್ರೇ ಅಲ್ಲ!"

"ಡಬ್ಬಕ್ಕೆ ಹೊಸ ಬೂಟಾ? ಹಾಕ್ಸಿ, ಹಾಕ್ಸಿ," ಎಂದಳು ಆಕೆ, ತಲೆ ಎತ್ತದೆ.

ಸರಿ, ಮಹಾ ಸಂಶೋಧನೆ ಶುರುವಾಯಿತು! ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬವನ್ನು ಕತ್ತರಿಸಿ, ಬಗೆಬಗೆಯ ಚಕ್ರಗಳ ಮಾದರಿ ಮಾಡಿ, ಒಂದೊಂದನ್ನೇ ಕಾರಿಗೆ ಅಂಟಿಸಿ ಹೆಂಡತಿಯನ್ನು ಹೊರಗೆ ಕರೆದರು.

"ಈ ಐದು ಕಡ್ಡಿದು?"

"ಟೇಬಲ್ ಫ್ಯಾನು."

"ಈ ಹತ್ತು ಕಡ್ಡಿದು?"

"ನಿಂಬೆಹಣ್ಣು ಹೆಚ್ಚಿಟ್ಟ ಹಾಗಿದೆ. ಒಳಗೆ ಹಾಲಿಟ್ಟು ಬಂದಿದೀನಿ ರೀ, ಬಿಡಿ!"

ಮೇಷ್ಟ್ರು ಜಗ್ಗಲಿಲ್ಲ. ಭಾನುವಾರ ಅಂಗಡಿಗೆ ನುಗ್ಗಿದರು. ಅಂಗಡಿಯವನು ಫಳಫಳ ಹೊಳೆಯುವ ಹದಿನೇಳು ಇಂಚಿನ ಚಕ್ರವನ್ನು ಮುಂದಿಟ್ಟು, "ಇದು ಹಾಕ್ಸಿ ಸಾರ್, ಜನ ನಿಮ್ಮನ್ನ ಹೀರೋ ಅಂತಾರೆ!" ಎಂದ.

"ಹೀರೋ ಸ್ಟೀರಿಂಗ್ ತಿರುಗಿಸಿದ ತಕ್ಷಣ ಟಯರು ಮಡ್‌ಗಾರ್ಡಿಗೆ ಉಜ್ಜುತ್ತೆ. ಆಮೇಲೆ ಹೀರೋ ಊರೆಲ್ಲ ನೇರವಾಗೇ ಹೋಗ್ಬೇಕಾ? ಹದಿನಾಲ್ಕು ಇಂಚು, ನಾಲ್ಕು ಬೋಲ್ಟು, ಬೂದು ಬಣ್ಣ. ತೆಗಿಯಪ್ಪ!"

ಅಂಗಡಿಯವನು ಒಳಗಿನಿಂದ ತೆಗೆದುಕೊಟ್ಟ. ಎಂಟು ಕಡ್ಡಿಯ ಚಕ್ರಗಳು ಅಳತೆ ಕೊಟ್ಟು ಹೊಲಿಸಿದಂತೆ ಕೂತವು. ಹಳೆಯ ಕ್ಯಾಪನ್ನು ಎಸೆಯಲು ಮನಸ್ಸು ಬಾರದೆ ಡಿಕ್ಕಿಯಲ್ಲಿ ಹಾಕಿಕೊಂಡು ಹೊರಟರು. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಬಂತು. ಸದ್ದಿಲ್ಲ, ಗದ್ದಲವಿಲ್ಲ! ಒಮ್ಮೆಲೇ ಹೊರಗೆ ಕರೆದು ಬೆರಗುಗೊಳಿಸಬೇಕೆಂದು ಮೆಲ್ಲಗೆ ಗೇಟು ತೆರೆದರು.

ಒಳಗಿನಿಂದ ಅವರದೇ ದನಿ ಕೇಳಿಸಿತು!

ಬಾಗಿಲಲ್ಲಿ ಇಣುಕಿದರೆ ಟಿವಿ ಕಿರುಚುತ್ತಿದೆ. ಅಪ್ಪನ ತೊಡೆಯ ಮೇಲೆ ಐಸ್‌ಕ್ರೀಂ ಡಬ್ಬ. ಹೆಂಡತಿ ಗಂಡನ ಹಳೇ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಸ್ಟೀಲ್ ತಟ್ಟೆ ಎತ್ತಿ ಹಿಡಿದು, "ಮಕ್ಕಳೇ! ಇದು ತಟ್ಟೆ ಅಲ್ಲ, ಅಲಾಯ್! ಇದರಲ್ಲಿ ಊಟ ಮಾಡೋರು ಮನುಷ್ಯರಲ್ಲ, ಮಹಾರಾಜರು!" ಎನ್ನುತ್ತಿದ್ದಾಳೆ. ಅಪ್ಪನ ಕಣ್ಣಲ್ಲಿ ನಕ್ಕು ನಕ್ಕು ನೀರು!

"ಹಾಂ! ಸಿಕ್ಕಿಬಿದ್ರಿ!"

ತಟ್ಟೆ ಠಣ್ಣೆಂದು ನೆಲಕ್ಕೆ ಬಿತ್ತು. "ಅಯ್ಯೋ, ಯಾವಾಗ ಬಂದ್ರಿ? ಗಡಗಡ ಕೇಳಿಸ್ಲೇ ಇಲ್ವಲ್ಲ!" ಎಂದಳು ಹೆಂಡತಿ.

"ಸದ್ದು ಕೇಳಿದ್ರೆ ಇದನ್ನ ಫ್ರಿಜ್ಜಿಗೆ ಸೇರಿಸಿ ಪೇಪರ್ ಹಿಡಿಯೋಷ್ಟು ಟೈಮ್ ಸಿಗೋದು ಕಣೋ," ಎಂದರು ಅಪ್ಪ, ಚಮಚ ನೆಕ್ಕುತ್ತ.

ಮೇಷ್ಟ್ರಿಗೆ ತಮ್ಮ ಮನೆಯ ಶಿಸ್ತಿನ ಒಳಗುಟ್ಟು ಆಗ ತಿಳಿಯಿತು. ಆದರೂ ಸೋಲೊಪ್ಪದೆ ಇಬ್ಬರನ್ನೂ ಹೊರಗೆ ಎಳೆದುಕೊಂಡು ಹೋದರು. ಸಂಜೆಯ ಬಿಸಿಲಿನಲ್ಲಿ ನಾಲ್ಕೂ ಚಕ್ರಗಳು ಮಿನುಗುತ್ತಿದ್ದವು. ಹೆಂಡತಿ ಒಂದು ಸುತ್ತು ಬಂದಳು, ಬಗ್ಗಿ ನೋಡಿದಳು, ಬೆರಳಿನಿಂದ ಸವರಿದಳು.

"ಆಹಾ!"

ಗೆದ್ದೆ! ಮೇಷ್ಟ್ರು ಜಗತ್ತನ್ನೇ ಗೆದ್ದವರಂತೆ ಬೀಗಿದರು. ಆ ಖುಷಿಯಲ್ಲಿ ಅಪ್ಪನ ಐಸ್‌ಕ್ರೀಂ ಡಬ್ಬವನ್ನು ಕಿತ್ತುಕೊಂಡು, ಉಳಿದದ್ದನ್ನು ತಾವೇ ತಿಂದು ಮುಗಿಸಿದರು.

ಮರುದಿನ ಬೆಳಿಗ್ಗೆ ಠೀವಿಯಿಂದ ಕಾರು ಹತ್ತಿ ಗೇಟು ದಾಟಿದರು. ಗಡಗಡ! ಇಳಿದು ಹೋಗಿ ನೋಡಿದರೆ ಹೊಸ ಚಕ್ರಗಳು ಗಟ್ಟಿಯಾಗಿಯೇ ಇವೆ. ಹಿಂದಿನ ಬಂಪರಿಗೆ ಆ ಹಳೇ ಕ್ಯಾಪು, ಅದೇ ತಂತಿಯಲ್ಲಿ, ಭದ್ರವಾಗಿ ನೇತಾಡುತ್ತಿದೆ! ಮೇಷ್ಟ್ರು ತಂತಿಗೆ ಕೈ ಹಾಕಿದರು.

ಕಿಟಕಿಯಿಂದ ಹೆಂಡತಿ ಕೂಗಿದಳು: "ಬಿಚ್ಚಬೇಡಿ ರೀ! ನಮ್ಮನೆ ಶಿಸ್ತು ನಿಂತಿರೋದೇ ಅದರ ಮೇಲೆ!"