ಉಣ್ಣದ ನೆಂಟ

ನಮ್ಮ ದೊಡ್ಡಮ್ಮ ಹುಲಿಗೆ ಹೆದರಿದವಳಲ್ಲ, ಕಳ್ಳನಿಗೆ ಹೆದರಿದವಳಲ್ಲ. ಯುದ್ಧದ ಕಾಲದಲ್ಲಿ, ಇನ್ನೇನು ಮಂಗಳೂರಿನ ಮೇಲೆ ಬಾಂಬು ಬಿತ್ತು ಎಂದು ಊರಿಗೆ ಊರೇ ನಡುಗುತ್ತಿದ್ದಾಗ "ಬೀಳಲಿ ಬಿಡಿ, ಹಂಚು ಹೇಗೂ ಬದಲಾಯಿಸ್ಲಿಕ್ಕೆ ಉಂಟು" ಅಂದ ಹೆಂಗಸು! ಅವಳು ಬೆವರುತ್ತಿದ್ದದ್ದು ಒಂದೇ ಒಂದು ಮಾತಿಗೆ. ಮನೆಗೆ ಬಂದವರು "ನನಗೆ ಊಟ ಬೇಡ" ಅಂದುಬಿಟ್ಟರೆ ಮುಗಿಯಿತು.

ಹಾಗೆಂದು ಪಾರಾದವರನ್ನು ನಾನಂತೂ ಕಂಡಿಲ್ಲ. ಒಮ್ಮೆ ಜಾಗದ ತಕರಾರಿನ ನೋಟೀಸು ಹಿಡಿದುಕೊಂಡು ಕೋರ್ಟಿನ ಅಮೀನನೊಬ್ಬ ಬಂದ. ಅದನ್ನು ಬಾಗಿಲಿಗೆ ಅಂಟಿಸಲಿಕ್ಕೆ ಒಂದು ಚೂರು ಗಂಜಿ ಕೇಳಿದ. ದೊಡ್ಡಮ್ಮ ಗಂಜಿ ಕೊಟ್ಟಳು, ಒಂದು ಬಟ್ಟಲು ತುಂಬ. ಜೊತೆಗೆ ಹುರುಳಿ ಚಟ್ನಿ, ಸುಟ್ಟ ಒಣಮೀನು, ಮಾವಿನಮಿಡಿ. ಆತ ಉಂಡ, ಜಗಲಿಯಲ್ಲಿ ಗೊರಕೆ ಹೊಡೆದ, ಎದ್ದು ಬಾಯಿ ಚಪ್ಪರಿಸುತ್ತಾ ಗುಡ್ಡ ಇಳಿದುಹೋದ. ನೋಟೀಸು ಅವನ ಕಂಕುಳಲ್ಲೇ ಇತ್ತು!

ಕದ್ರಿ ಗುಡ್ಡದ ಬದಿಯ ಆ ಮನೆಯಲ್ಲಿ ನಾವು ಇದ್ದದ್ದು ಮೂರೇ ಮಂದಿ. ನನ್ನ ಅಮ್ಮನ ಅಕ್ಕನಾದ ಈ ದೊಡ್ಡಮ್ಮ. ಅವಳ ತಮ್ಮ, ಅಂದರೆ ಮನೆಯ ಯಜಮಾನರಾದ ನಮ್ಮ ಮಾವ. ಮತ್ತೆ ಕೊಡಿಯಾಲ್‌ಬೈಲಿನ ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತನಾಗಿದ್ದ ನಾನು. ಆರು ವರ್ಷದವನಿದ್ದಾಗ ಆ ಮನೆಗೆ ಬಂದವ, ಮೂವತ್ತು ದಾಟಿದರೂ ಅವಳ ಕೈಯ ಅನ್ನ ಬಿಟ್ಟಿರಲಿಲ್ಲ. ಬಿಡುತ್ತೇನೆ ಅಂದಿದ್ದರೆ ಅವಳು ಬಿಡುತ್ತಿದ್ದಳೇ?

ಹೊಸ ಹಂಚು ಬಂತು. ಅಂಗಳದಲ್ಲಿ ಪೇರಿಸಿಟ್ಟ ಹಂಚಿನ ಅಡಿಯಿಂದ ಒಂದು ದಿನ ಮೂರು ಮೊಳದ ಕೇರೆ ಹಾವು ಹೊರಗೆ ಬಂತು. ವಿಷವಿಲ್ಲದ ಬಡಪಾಯಿ, ಮೇಲೆ ಬಾಲಕ್ಕೆ ಪೆಟ್ಟು ಬೇರೆ. ಕೆಲಸದವರು ದೊಣ್ಣೆ ಎತ್ತಿದರು. ದೊಡ್ಡಮ್ಮ ಸೌಟು ಹಿಡಿದುಕೊಂಡೇ ಓಡಿಬಂದಳು.

"ನನ್ನ ಅಂಗಳಕ್ಕೆ ಬಂದವರಿಗೆ ಹೊಡೆಯುವುದಾ? ಅದಕ್ಕೆ ಊಟ ಆಗಿದೆಯಾ ಅಂತ ಕೇಳಿದ್ದೀರಾ ಒಬ್ಬರಾದರೂ?"

ಯಾರೂ ಕೇಳಿರಲಿಲ್ಲ. ಅಲ್ಲಿಗೆ ಹಾವು ನಮ್ಮ ಮನೆಯ ನೆಂಟನಾಯಿತು. ಅಕ್ಕಿ ಹಾಕಿಡುತ್ತಿದ್ದ ಹಳೆಯ ಮರದ ಪೆಟ್ಟಿಗೆಗೆ ಮುಚ್ಚಳದ ಬದಲು ತಂತಿಬಲೆ ಹೊಡೆಸಿ, ಹಾವನ್ನು ಅದರೊಳಗೆ ಬಿಟ್ಟು ಚಾವಡಿಯಲ್ಲಿ ಇಡಲಾಯಿತು. ಹೆಸರು "ಬಾಲೆ". ತುಳುವಿನಲ್ಲಿ ಹಾಗೆಂದರೆ ಮಗು. ಮಾವ ತಮ್ಮ ಆರಾಮ ಕುರ್ಚಿಯನ್ನು ಅಂದೇ ಜಗಲಿಯ ಆಚೆ ತುದಿಗೆ ಒಯ್ದರು.

ಮೊದಲ ದಿನದ ಊಟದ ಕಥೆ ಕೇಳಬೇಡಿ! ಕುಚ್ಚಲಕ್ಕಿ ಗಂಜಿ ಇಟ್ಟಳು. ಮುಟ್ಟಲಿಲ್ಲ. ನೀರುದೋಸೆ ಇಟ್ಟಳು. ಹಾವು ಅದರ ಅಡಿಯಲ್ಲಿ ನುಸುಳಿ ಹೊದ್ದುಕೊಂಡು ಮಲಗಿತು. ಬಂಗುಡೆ ಹುರಿದು ಇಟ್ಟಾಗ ಮಾವನಿಗೆ ಸಿಟ್ಟು ನೆತ್ತಿಗೇರಿತು, ಏಕೆಂದರೆ ಅದು ಅವರ ಪಾಲಿನದು. ಕೊನೆಗೆ ಒಂದು ಲೋಟ ಹಾಲು. ಬೇಲಿಯಾಚೆಯಿಂದ ಎಲ್ಲವನ್ನೂ ನೋಡುತ್ತಿದ್ದ ನೆರೆಮನೆಯ ಪೊರ್ಬುಗಳು ಆಗ ಬಾಯಿ ಬಿಟ್ಟರು. ಕ್ರಿಸ್ತುವರ ಯಜಮಾನರನ್ನು ನಮ್ಮಲ್ಲಿ ಕರೆಯುವುದೇ ಹಾಗೆ. ಇವರು ನಿವೃತ್ತ ಮೇಷ್ಟ್ರು, ಓದದ ಪುಸ್ತಕವಿಲ್ಲ.

"ಅಕ್ಕಾ, ಹಾವು ಹಾಲು ಕುಡಿಯುವುದಿಲ್ಲ."

"ಹಾಗಾದರೆ ಪಂಚಮಿಗೆ ನಾವು ಎರೆಯುವುದು ಎಂತಕ್ಕೆ ಪೊರ್ಬುಗಳೇ?"

"ಅದು ನೀವೇ ಹೇಳ್ಬೇಕು."

ದೊಡ್ಡಮ್ಮ ಹಾಲಿನ ಲೋಟವನ್ನು ಆಚೆ ಸರಿಸಿದಳು. "ನಾಗನಿಗೆ ಎರೆಯುವುದು ಮರ್ಯಾದೆಗೆ. ಇವನಿಗೆ ಬೇಕಾದ್ದು ಊಟ. ಎಂತ ತಿಂತಾನೆ ಹೇಳಿ, ಮಾಡಿ ಹಾಕ್ತೇನೆ."

"ಇಲಿ."

ಇಲಿಯನ್ನು ಮಾಡಿ ಹಾಕುವುದು ಹೇಗೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ಅಷ್ಟಕ್ಕೆ ಹಿಮ್ಮೆಟ್ಟುವವಳೇ? ನೆರೆಕರೆಗೆಲ್ಲ ಹೇಳಿ ಕಳುಹಿಸಿದಳು. ಬೋನಿಗೆ ಬಿದ್ದ ಇಲಿಯನ್ನು ಕೊಂದು ತಂದುಕೊಟ್ಟವರಿಗೆ ಹಲಸಿನ ಹಪ್ಪಳ! ಬಾಳೆಲೆಯ ತುಂಡಿನಲ್ಲಿ ಇಲಿ ಬಡಿಸಿದಳು, ದೂರ ನಿಂತು ನೋಡಿದಳು, ಮುಖ ಸಣ್ಣದು ಮಾಡಿದಳು. "ಸಪ್ಪೆ ಅಲ್ವಾ? ಚೂರು ಉಪ್ಪು ಖಾರ ಸವರಿದರೆ ಹೇಗೆ ಪೊರ್ಬುಗಳೇ?" ಪೊರ್ಬುಗಳು ಬೇಲಿ ಹಾರಿಬಂದು ಖಾರದ ಬಟ್ಟಲು ಕಿತ್ತುಕೊಂಡರು.

ಮೂರನೆಯ ದಿನ ಎಲೆ ಖಾಲಿಯಾಗಿತ್ತು. ದೊಡ್ಡಮ್ಮನ ಸಂಭ್ರಮ ನೋಡಬೇಕಿತ್ತು! ಕೂಡಲೇ ಎರಡನೆಯ ಬಾರಿ ಬಡಿಸಲು ಹೊರಟಳು. ಒಂದು ಊಟ ಮಾಡಿದರೆ ಇನ್ನು ಎಂಟು ದಿನ ಬೇಡ ಎಂದು ಪೊರ್ಬುಗಳು ತಿಳಿಸಿದಾಗ ಅವಳಿಗೆ ಕಣ್ಣು ಕತ್ತಲೆ ಬಂತು. ಮಾವನಿಗೆ ಮಾತ್ರ ಹಾವಿನ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು. "ಎಂಟು ದಿನಕ್ಕೆ ಒಂದು ಊಟ! ನೆಂಟರು ಅಂದರೆ ಹೀಗಿರಬೇಕು ಅಕ್ಕಾ" ಅಂದರು.

ಮಾವ ಹಾಗೆ ಹೇಳಲು ಕಾರಣವೂ ಇತ್ತು. ಬಸ್ಸುಗಳು ಇದ್ದಿಲು ತಿಂದು ಓಡುತ್ತಿದ್ದ, ಅಕ್ಕಿಗೆ ರೇಶನು ಬಂದಿದ್ದ ಕಾಲ ಅದು. ಒಂದು ದಿನ ರೇಶನಿನ ಗುಮಾಸ್ತ ಪಟ್ಟಿ ಮಾಡಲು ಬಂದ.

"ಮನೆಯಲ್ಲಿ ಎಷ್ಟು ಜನ ಅಮ್ಮಾ?"

"ನಾಲ್ಕು. ಒಬ್ಬನಿಗೆ ಅಕ್ಕಿ ಬೇಡ."

"ಅಕ್ಕಿ ಬೇಡವಾ? ಮತ್ತೆ ಎಂತ ತಿಂತಾರೆ?"

"ಇಲಿ."

ಗುಮಾಸ್ತ ಮಾವನ ಮುಖ ನೋಡಿದ. ಮಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. "ಅಕ್ಕಿ ಕೊಡದಿದ್ದರೆ ಬೇಡ ಮಾರಾಯ, ಹೆಸರು ಬರಿ. ನಾಳೆ ಯಾರೂ ಅವನನ್ನು ಲೆಕ್ಕಕ್ಕೆ ಇಲ್ಲ ಅನ್ನಬಾರದು" ಎಂದು ದೊಡ್ಡಮ್ಮ ಹಟ ಹಿಡಿದಳು. ಪೆಟ್ಟಿಗೆಯೊಳಗೆ ಇಣುಕಿದ ಮೇಲೆ ಗುಮಾಸ್ತ ಮೂರು ಮಂದಿಯ ಹೆಸರನ್ನೂ ಪೂರ್ತಿ ಬರೆಯದೆ ಓಡಿದ. ಆದರೆ ಮುಂದಿನ ವಾರ ಹೆಂಡತಿಯನ್ನು ಕರೆದುಕೊಂಡು ಮತ್ತೆ ಬಂದ, ಹಾವು ಉಣ್ಣುವುದನ್ನು ತೋರಿಸಲು!

ಅವರಿಬ್ಬರೇ ಅಲ್ಲ. "ಇವತ್ತು ಬಾಲೆಗೆ ಊಟ" ಎಂದು ತಿಳಿದರೆ ಸಾಕು, ನಮ್ಮ ಚಾವಡಿಯಲ್ಲಿ ಕಾಲಿಡಲು ಜಾಗವಿಲ್ಲ. ಬಂದವರಿಗೆಲ್ಲ ದೊಡ್ಡಮ್ಮ ಊಟ ಹಾಕಿಯೇ ಕಳುಹಿಸುತ್ತಿದ್ದಳು. ಎಲ್ಲರೂ ಉಂಡರು, ಹಾವೊಂದನ್ನು ಬಿಟ್ಟು. ಒಂದು ವಾರ ಎಲೆ ಹಾಗೆಯೇ ಉಳಿಯಿತು. ಎರಡು ವಾರ. ಮೂರನೆಯ ವಾರ ಮೈ ಮಂಕಾಯಿತು, ಕಣ್ಣು ಬೂದಿ ಬಳಿದಂತೆ ಬೆಳ್ಳಗಾಯಿತು. ದೊಡ್ಡಮ್ಮ ದೇವಸ್ಥಾನಕ್ಕೆ ಓಡಿದಳು, ಪೂಜೆ ಮಾಡಿಸಲು.

"ಹೆಸರು?" ಕೇಳಿದರು ಭಟ್ಟರು.

"ಬಾಲೆ."

"ನಕ್ಷತ್ರ?"

"ಗೊತ್ತಿಲ್ಲ ಭಟ್ರೇ. ಆಶ್ಲೇಷ ಅಂತ ಹೇಳಿಬಿಡಿ, ಹೇಗೂ ಅದು ಅವರದ್ದೇ."

ಯಾರದ್ದೆಂದು ಭಟ್ಟರು ಕೇಳಲಿಲ್ಲ. "ಎಂತ ತೊಂದರೆ ಮಗುವಿಗೆ?"

"ಊಟ ಸೇರುವುದಿಲ್ಲ. ಮಾತಿಲ್ಲ. ಇಡೀ ದಿನ ಮಲಗಿಯೇ ಇರ್ತಾನೆ."

"ನಡೀತಾನಾ?"

"ಇಲ್ಲ ಭಟ್ರೇ, ಇಲ್ಲಿಯವರೆಗೆ ಒಂದು ಹೆಜ್ಜೆ ಇಟ್ಟವನಲ್ಲ."

ಭಟ್ಟರಿಗೆ ಕರುಳು ಚುರುಕ್ಕೆಂದಿತು. ಪ್ರಸಾದ ಕೊಟ್ಟು, ದಿನಾ ಬೆಳಿಗ್ಗೆ ಎರಡೂ ಕಾಲಿಗೆ ಬಿಸಿ ಎಣ್ಣೆ ತಿಕ್ಕಲು ಹೇಳಿದರು. ದೊಡ್ಡಮ್ಮ ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಾ ಬಂದಳು.

ಇಷ್ಟರಲ್ಲಿ ಮಾವ ಯಜಮಾನಿಕೆಯ ಗತ್ತು ತಂದುಕೊಂಡರು. "ಅಕ್ಕಾ, ಉಣ್ಣದ ಪ್ರಾಣಿಯನ್ನು ಕೂಡಿಹಾಕಿ ಸಾಯಿಸುವುದು ಬೇಡ. ಆದಿತ್ಯವಾರದ ಒಳಗೆ ತಿನ್ನದಿದ್ದರೆ ನಾನೇ ಗುಡ್ಡಕ್ಕೆ ಬಿಟ್ಟು ಬರ್ತೇನೆ." ಮಾತು ನ್ಯಾಯದ್ದೇ. ದೊಡ್ಡಮ್ಮ ಎದುರಾಡಲಿಲ್ಲ. "ಬಿಡು. ಆದರೆ ಹಸಿದ ಹೊಟ್ಟೆಯಲ್ಲಿ ಕಳುಹಿಸುವುದು ಹೇಗೆ?" ಎಂದಷ್ಟೇ ಅಂದಳು. ಆ ಮಧ್ಯಾಹ್ನ ನಮ್ಮಿಬ್ಬರಿಗೆ ಬಡಿಸಿ ತಾನು ಕೂರಲಿಲ್ಲ. ಕೇಳಿದರೆ, ಮನೆಯಲ್ಲಿ ಒಬ್ಬ ಉಪವಾಸ ಇರುವಾಗ ತನಗೆ ಗಂಟಲಲ್ಲಿ ಇಳಿಯುವುದಿಲ್ಲವಂತೆ! ಮರುದಿನವೂ ಹಾಗೆಯೇ. ಬರೀ ಮಜ್ಜಿಗೆ ನೀರು. ಊರಿಗೆಲ್ಲ ಬಲವಂತ ಮಾಡಿ ಉಣ್ಣಿಸುವವಳಿಗೆ ಬಲವಂತ ಮಾಡುವುದು ಹೇಗೆಂದು ನಮಗಿಬ್ಬರಿಗೂ ತಿಳಿಯಲಿಲ್ಲ.

ಪೊರ್ಬುಗಳು ಕನ್ನಡಕ ಹಾಕಿ ಪರೀಕ್ಷೆ ಮಾಡಿದರು. "ಕಾಯಿಲೆ ಅಲ್ಲ ಅಕ್ಕಾ, ಪೊರೆ ಬಿಡ್ಲಿಕ್ಕೆ ಉಂಟು. ಒದ್ದೆ ಗೋಣಿ ಹಾಕಿ, ಮೈ ಉಜ್ಜಿಕೊಳ್ಳಲಿಕ್ಕೆ ಒಂದು ಒಡೆದ ಹಂಚು ಇಡಿ. ಮತ್ತೆ ಸುಮ್ಮನೆ ಇರಿ." ಗೋಣಿ ಹಾಕಿದಳು, ಹಂಚು ಇಟ್ಟಳು. ಸುಮ್ಮನೆ ಇರುವುದು ಮಾತ್ರ ಅವಳ ಜಾಯಮಾನದಲ್ಲಿ ಇರಲಿಲ್ಲ. ಮೂತಿಯ ಹತ್ತಿರ ಪೊರೆ ಬಿಟ್ಟುಕೊಂಡದ್ದೇ ತಡ, ಮಕ್ಕಳ ಬಿಗಿಯಾದ ಅಂಗಿ ತೆಗೆಯುವಂತೆ ಎಳೆಯಲು ಕೈ ಹಾಕಿದಳು. ಪೊರ್ಬುಗಳು ಮತ್ತೊಮ್ಮೆ ಬೇಲಿ ಹಾರಿದರು. ಎಪ್ಪತ್ತರ ಆ ವಯಸ್ಸಿನಲ್ಲಿ ಅವರಿಗೆ ಅಷ್ಟು ವ್ಯಾಯಾಮ ಬೇರೆ ಯಾರೂ ಕೊಟ್ಟಿರಲಾರರು.

ಶುಕ್ರವಾರ ಹಾವು ಪೊರೆಯನ್ನು ಇಡಿಯಾಗಿ, ಒಳಮಗ್ಗುಲು ಹೊರಗಾಗುವಂತೆ ಬಿಚ್ಚಿಟ್ಟು ಹೊಳೆಯುತ್ತಾ ಮಲಗಿತ್ತು. ಕಣ್ಣು ಎರಡೂ ಮಣಿಯಂತೆ ಸ್ವಚ್ಛ. ದೊಡ್ಡಮ್ಮ ಆ ಪೊರೆಯನ್ನು ನೀರಿನಲ್ಲಿ ಅದ್ದಿ, ಬಚ್ಚಲಿನ ಹಗ್ಗದಲ್ಲಿ ಒಣಗಲು ಹಾಕಿದಳು. ಮುಖಕ್ಕೆಲ್ಲ ಸೋಪು ಹಚ್ಚಿಕೊಂಡು ಕಣ್ಣುಮುಚ್ಚಿ ಬೈರಾಸಿಗೆ ಕೈ ಚಾಚಿದ ಮಾವ ಅದರಲ್ಲೇ ಮುಖ ಒರೆಸಿಕೊಂಡರು! ಆಮೇಲೆ ಕಣ್ಣು ಬಿಟ್ಟರು. ಅವರ ಆ ಕೂಗಿಗೆ ದೇವಸ್ಥಾನದ ಪಾರಿವಾಳಗಳು ಹಾರಿದವು ಎಂದು ಪೊರ್ಬುಗಳು ಕೊನೆಯವರೆಗೂ ಸಾಧಿಸುತ್ತಿದ್ದರು.

ಬಂತು ಆದಿತ್ಯವಾರ. ಚಾವಡಿ ತುಂಬ ಜನ. ರೇಶನಿನ ಗುಮಾಸ್ತ ದಂಪತಿ ಎದುರಿನ ಸಾಲಿನಲ್ಲಿ. ಮಾವ ಗೋಣಿಚೀಲ ಹಿಡಿದು ತಯಾರು. ಎಲೆಯ ಮೇಲೆ ಇಲಿ. ಹಾವು ತಲೆ ಎತ್ತಿತು, ನಮ್ಮನ್ನೆಲ್ಲ ನೋಡಿತು, ಗೋಣಿಯ ಅಡಿಗೆ ಸರಿಯಿತು. ಅಷ್ಟೂ ದಿನ ಅನ್ನ ಕಾಣದ ದೊಡ್ಡಮ್ಮ ಕಂಬ ಹಿಡಿದು ನಿಂತಿದ್ದಳು. ನೋಡನೋಡುತ್ತಾ ಅವಳ ಮುಖ ಕೆಂಪಾಯಿತು.

"ಇಷ್ಟು ಕಣ್ಣು ಎಲೆಯ ಮೇಲೆ ಇದ್ದರೆ ಯಾರಿಗೆ ಗಂಟಲಲ್ಲಿ ಇಳೀತದೆ? ನನಗೆ ಮೊದಲೇ ಹೊಳೀಲಿಲ್ಲ ನೋಡಿ! ತಿರುಗಿ ಎಲ್ಲರೂ ಆಚೆ!"

ತಿರುಗಿದೆವು. ಪೊರ್ಬುಗಳು, ಗುಮಾಸ್ತ, ಅವನ ಹೆಂಡತಿ, ಗೋಣಿಚೀಲದ ಮಾವ, ನೆರೆಕರೆಯ ಹದಿನೈದು ಮಂದಿ, ಎಲ್ಲರೂ ಗೋಡೆಗೆ ಮುಖ ಮಾಡಿ ನಿಂತೆವು, ಮೇಷ್ಟ್ರ ಶಿಕ್ಷೆಗೆ ನಿಂತ ಮಕ್ಕಳಂತೆ. ನಗು ತಡೆಯಲಾರದೆ ನಾನು ತುಟಿ ಕಚ್ಚಿಕೊಂಡಿದ್ದೆ. ದೊಡ್ಡಮ್ಮನೂ ಪೆಟ್ಟಿಗೆಗೆ ಬೆನ್ನು ಹಾಕಿ ನೆಲದಲ್ಲಿ ಕುಳಿತಳು. ಕುಳಿತು, ಯಾರಿಗೂ ಅಲ್ಲ ಎಂಬಂತೆ ಗೋಡೆಯ ಹತ್ತಿರ ಮಾತಾಡತೊಡಗಿದಳು. "ಇವತ್ತು ಬೂತಾಯಿ ಮೀನು ಚೆಂದ ಇತ್ತು. ಸಣ್ಣದು, ಆದರೆ ಒಳ್ಳೆ ತಾಜಾ. ನಾಳೆ ಪುಳಿಮುಂಚಿ ಮಾಡುವುದು..."

ನನ್ನ ನಗು ಅಲ್ಲಿಗೇ ನಿಂತಿತು. ಆ ಸ್ವರ ನನಗೆ ಗೊತ್ತಿತ್ತು.

ಕಾಟಿಪಳ್ಳದಲ್ಲಿ ನನ್ನ ಅಮ್ಮ ತೀರಿಕೊಂಡ ಮೇಲೆ ಎತ್ತಿನ ಗಾಡಿಯಲ್ಲಿ ನನ್ನನ್ನು ಈ ಚಾವಡಿಗೆ ತಂದು ಇಳಿಸಿದ್ದರು. ಎರಡು ದಿನ ನಾನು ಬಾಯಿಗೆ ಏನೂ ಹಾಕಿರಲಿಲ್ಲ. ಸುತ್ತ ಹೆಂಗಸರು ಕೂತು "ಉಣ್ಣು ಮಗಾ, ಅಯ್ಯೋ ಪಾಪ" ಎಂದು ನನ್ನ ಬಾಯನ್ನೇ ನೋಡುತ್ತಿದ್ದರು. ಇದೇ ದೊಡ್ಡಮ್ಮ ಎಲ್ಲರನ್ನೂ ಗದರಿಸಿ ಎಬ್ಬಿಸಿ, ನನ್ನ ಮುಂದೆ ಗಂಜಿಯ ಬಟ್ಟಲು ಇಟ್ಟು, ನನಗೆ ಬೆನ್ನು ಹಾಕಿ ಕೂತು, ಗೋಡೆಯ ಹತ್ತಿರ ಬೂತಾಯಿಯ ಸುದ್ದಿ ಹೇಳಿದ್ದಳು. ನಾನು ಅಳುತ್ತಾ ಉಂಡಿದ್ದೆ. ಅವಳು ತಿರುಗಲೇ ಇಲ್ಲ. ನಾನು ಅತ್ತದ್ದು ಅವಳಿಗೆ ಗೊತ್ತಾಗಲಿಲ್ಲ ಎಂದೇ ಇಷ್ಟು ವರ್ಷ ನಂಬಿಕೊಂಡಿದ್ದೆ, ದಡ್ಡ!

ಹಿಂದಿನಿಂದ ಬಾಳೆಲೆ ಸರಿದ ಸದ್ದು ಬಂತು. ಎಲ್ಲರೂ ತಿರುಗುವ ಹೊತ್ತಿಗೆ ಎಲೆ ಖಾಲಿ. ಚಾವಡಿ ತುಂಬ ಗದ್ದಲ. ಮಾವ ಗೋಣಿಚೀಲವನ್ನು ಮಡಚಿ ಕುರ್ಚಿಯ ಅಡಿಗೆ ತಳ್ಳಿದರು.

ಜನ ಹೋದ ಮೇಲೆ ದೊಡ್ಡಮ್ಮ ಇನ್ನೂ ಅಲ್ಲೇ ಕೂತಿದ್ದಳು. ನಾನು ಅಡುಗೆಮನೆಗೆ ಹೋಗಿ ಅವಳಿಗೆ ಒಂದು ಬಟ್ಟಲು ಗಂಜಿ, ಚಟ್ನಿ ತಂದು ಮುಂದೆ ಇಟ್ಟೆ. ಆ ಮನೆಯಲ್ಲಿ ಯಾರೂ ಅವಳಿಗೆ ಬಡಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವಳು ಬಟ್ಟಲನ್ನು ನೋಡಿದಳು, ನನ್ನ ಮುಖ ನೋಡಿದಳು. ಕೈ ಮಾತ್ರ ಬಟ್ಟಲಿಗೆ ಹಾಕಲಿಲ್ಲ.

ನಾನು ಬೆನ್ನು ತಿರುಗಿಸಿ ಕುಳಿತೆ. "ನಾಳೆ ಆಫೀಸಿನಿಂದ ಬರುವಾಗ ಬೂತಾಯಿ ತರ್ತೇನೆ, ದೊಡ್ಡಮ್ಮಾ" ಎಂದು ಗೋಡೆಗೆ ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಉಣ್ಣುವ ಸದ್ದು ಕೇಳಿತು.