ಹನ್ನೊಂದು ಅಡಿ ಸರಿಯುವಂತೆ ಗಡಿರೇಖೆಯವರಲ್ಲಿ ಒಂದು ಅರಿಕೆ

ನೆವಾಡ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳ ನಡುವೆ ಬಿಜಯಂಗೈದಿರುವ
ಮಹಾರಾಜಶ್ರೀ ಗಡಿರೇಖೆಯವರ ಸನ್ನಿಧಾನಕ್ಕೆ,
ಬೆಟ್ಟದ ಮೇಲೆ, ಎಲ್ಲೋ ಒಂದು ಕಡೆ.

ಸೇಜ್‌ಫೋರ್ಡ್, ನೆವಾಡ
10 ಸೆಪ್ಟೆಂಬರ್ 1936

ಮಾನ್ಯರೇ,

ಸೇಜ್‌ಫೋರ್ಡಿನ ರೈಲು ನಿಲ್ದಾಣದ ಎದುರು ವಸತಿಗೃಹ ನಡೆಸುತ್ತಿರುವ, ಸ್ಪೇನ್ ಕಡೆಯಿಂದ ಬಂದ ಬಾಸ್ಕ್ ಜನಾಂಗದ ವಿಧವೆ ಗ್ರಾಸಿಯಾನಾ ಎಚೆಗಾರೆ ಎಂಬ ನಾನು ತಮ್ಮ ಪಾದಗಳಿಗೆ, ಪಾದಗಳು ಇರುವುದಾದರೆ, ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ: ನಾವಿಲ್ಲಿ ಎಲ್ಲರೂ ಕ್ಷೇಮ. ತಮ್ಮ ಕ್ಷೇಮಸಮಾಚಾರಕ್ಕೆ ಬರೆಯಿರೆಂದು ಕೇಳೋಣವೆಂದರೆ ತಾವು ಇರುವ ಜಾಗವೇ ಯಾರಿಗೂ ನೆಟ್ಟಗೆ ಗೊತ್ತಿಲ್ಲ. ಅಂಚೆಯವನನ್ನು ವಿಚಾರಿಸಿದೆ. "ಅಮ್ಮಾ, ನಾನು ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ಆಯ್ತು, ಆ ವಿಳಾಸಕ್ಕೆ ಒಂದು ಕಾಗದಾನೂ ಬಂದಿಲ್ಲ, ನೀವೇ ಮೊದಲು" ಎಂದು ಲಕೋಟೆಯನ್ನು ವಾಪಸು ಕೊಟ್ಟ. ಆದಕಾರಣ ಈ ಪತ್ರವನ್ನು ನಮ್ಮ ಕಣಿವೆಯ ವಾರಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದೇನೆ. ಕುರಿಗಾಹಿಗಳು ಆ ಪತ್ರಿಕೆಯಲ್ಲಿ ಚೀಸು ಸುತ್ತಿಕೊಂಡು ಬೆಟ್ಟ ಹತ್ತುತ್ತಾರೆ, ತಿಂದು ಎಸೆಯುತ್ತಾರೆ, ಹೇಗೋ ತಮ್ಮ ಮೈಮೇಲೆ ಬಂದು ಬೀಳುತ್ತದೆ.

ತಮ್ಮ ಮಹಿಮೆಯನ್ನು ನಾಲ್ಕು ಮಾತಿನಲ್ಲಾದರೂ ಹೊಗಳದೆ ದೂರು ಶುರುಮಾಡಿದರೆ ಅದು ಮರ್ಯಾದೆಯಲ್ಲ. ತಾವು ಬೇಲಿಯಲ್ಲ, ಗೋಡೆಯಲ್ಲ, ಹಳ್ಳವೂ ಅಲ್ಲ. ತಮ್ಮ ಮೇಲೆ ಹುಲ್ಲು ಬೆಳೆಯುತ್ತದೆ, ಇರುವೆ ತಮ್ಮನ್ನು ದಾಟಿ ಹೋಗುತ್ತದೆ, ದಾಟಿದೆನೆಂಬ ಸುಳಿವೂ ಅದಕ್ಕೆ ಹತ್ತುವುದಿಲ್ಲ. ಆದರೂ ತಮ್ಮ ಈಚೆ ಬದಿಯಲ್ಲಿ ಒಬ್ಬ ಹೆಂಗಸು ಒಂದು ದಿನವೂ ತಪ್ಪದೆ ಆರು ವಾರ ಕೂತಿದ್ದು ಎದ್ದರೆ ವಿಚ್ಛೇದನ ಸಿಗುತ್ತದೆ. ಅದೇ ಹೆಂಗಸು ಆಚೆ ಬದಿಯಲ್ಲಿ ಕೂತರೆ ಮೊದಲು ಒಂದು ವರ್ಷ ಅಲ್ಲಿ ಬಾಳಬೇಕು, ತೀರ್ಪು ಬಂದ ಮೇಲೂ ಎಲ್ಲಿ ಮನಸ್ಸು ಬದಲಾಯಿಸಿಯಾಳೋ ಎಂದು ಇನ್ನೊಂದು ವರ್ಷ ಕಾಯಬೇಕು. ತಮ್ಮ ಬಂಧುಬಳಗದ ಪ್ರತಾಪವನ್ನೂ ನನ್ನ ಊಟದ ಮೇಜಿನಲ್ಲಿ ಕೇಳಿ ತಿಳಿದಿದ್ದೇನೆ. ನ್ಯೂಯಾರ್ಕನ್ನು ಸುತ್ತುವರಿದಿರುವ ರೇಖೆಯವರ ಒಳಗೆ ಗಂಡ ಏನೇ ಮಾಡಲಿ, ಪರಸ್ತ್ರೀ ಸಹವಾಸ ಒಂದು ಮಾಡದಿದ್ದರೆ ಅವನು ಚಿನ್ನದಂಥ ಗಂಡ. ಸೌತ್ ಕ್ಯಾರೊಲಿನಾದ ರೇಖೆಯವರ ಒಳಗೆ ಅದನ್ನು ಮಾಡಿ ಸಿಕ್ಕಿಬಿದ್ದರೂ ಪ್ರಯೋಜನವಿಲ್ಲ, ಅಲ್ಲಿ ಬಿಡುಗಡೆ ಕೊಡುವುದು ಸಾವು ಒಂದೇ. ಹೆಂಡತಿ ಅವಳೇ, ಗಂಡ ಅವನೇ, ಸಂಕಟವೂ ಅದೇ; ಬದಲಾಗುವುದು ಕಾಲ ಕೆಳಗಿನ ಮಣ್ಣು ಮಾತ್ರ. ಇಂಥ ಶಕ್ತಿ ನಮ್ಮ ಪಾದ್ರಿಗಳಿಗೂ ಇಲ್ಲವೆಂದು ನಾನು ಅವರ ಎದುರೇ ಹೇಳಿದ್ದೇನೆ.

ಪಾದ್ರಿಗಳ ಮಾತು ಬಂತಾದ್ದರಿಂದ ನನ್ನ ವಿಚಾರವನ್ನೂ ಹೇಳಿಬಿಡುತ್ತೇನೆ. ನಮ್ಮ ಧರ್ಮದಲ್ಲಿ ವಿಚ್ಛೇದನವೆಂಬುದಿಲ್ಲ. ನನ್ನ ಗಂಡ ಮಾರ್ಟಿನ್ ತೀರಿಕೊಂಡು ಒಂಬತ್ತು ವರ್ಷವಾದರೂ ನಾನು ಇನ್ನೂ ಅವನ ಮೇಲೆ ರೇಗುತ್ತಲೇ ಇದ್ದೇನೆ, ಅಷ್ಟು ಗಟ್ಟಿ ಮದುವೆ ನಮ್ಮದು. ಆದರೆ ಕುರಿಗಾಹಿಗಳು ಬೇಸಿಗೆಯಲ್ಲಿ ಬೆಟ್ಟ ಹತ್ತಿದರೆ ನನ್ನ ಮನೆಯ ಕೋಣೆಗಳು ಖಾಲಿ, ಪೂರ್ವದ ರಾಜ್ಯಗಳಿಂದ ಆರು ವಾರಕ್ಕೆಂದು ಬರುವ ಹೆಂಗಸರಿಂದ ಅವು ತುಂಬುತ್ತವೆ. ಪಾದ್ರಿಗಳು ಪ್ರತಿ ಭಾನುವಾರ ಅವರ ಆರೋಗ್ಯ ವಿಚಾರಿಸುತ್ತಾರೆ, ಯಾಕೆ ಬಂದಿದ್ದಾರೆಂದು ಈವರೆಗೂ ವಿಚಾರಿಸಿಲ್ಲ.

ನಮ್ಮ ನ್ಯಾಯಾಲಯದಲ್ಲಿ ಈ ಹೆಂಗಸರಿಗೆ ಕೇಳುವ ಮುಖ್ಯ ಪ್ರಶ್ನೆ, "ನೆವಾಡದಲ್ಲೇ ನೆಲೆಸೋ ಮನಸ್ಸು ಇದೆಯೇನಮ್ಮಾ?" ಎಂಬುದು. ಮನೆಯೊಡತಿಯಾದ ನನಗೆ ಕೇಳುವುದು, "ಈಕೇನ ಆರು ವಾರದಲ್ಲಿ ದಿನಾ ಕಣ್ಣಾರೆ ನೋಡಿದೀರಾ?" ಎಂಬುದು. ಇದುವರೆಗೆ ನನ್ನ ಮನೆಯಿಂದ ಹೋದ ಅರವತ್ತಮೂರು ಮಂದಿಯೂ, ಊರಿಗೆ ಮರಳುವ ರೈಲು ಚೀಟಿಯನ್ನು ಕೈಚೀಲದಲ್ಲಿ ಇಟ್ಟುಕೊಂಡೇ, "ಇದೆ ಸ್ವಾಮಿ, ಇಲ್ಲೇ ಸಾಯ್ತೀನಿ" ಎಂದು ಬೈಬಲ್ ಮುಟ್ಟಿ ಹೇಳಿದ್ದಾರೆ. ಆಗೆಲ್ಲ ನಾನು ಚಾವಣಿ ನೋಡುತ್ತ ಕೂತಿದ್ದೇನೆ. ಅವರ ಸುಳ್ಳು ಅವರಿಗೆ, ನನ್ನ ಆಣೆ ನನಗೆ. ನಾನಂತೂ ಅಷ್ಟೂ ಜನರನ್ನು ದಿನಾ ಕಣ್ಣಾರೆ ನೋಡಿಯೇ ಹೇಳಿದವಳು.

ಅರವತ್ತನಾಲ್ಕನೆಯವಳಾಗಿ ಜುಲೈ ಹದಿನೆಂಟರಂದು ರೈಲಿಳಿದವಳು ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಹೆನ್ರಿಯೆಟಾ ವೂರ್ಹೀಸ್. ಆಕೆಯ ಗಂಡ ಹಲ್ಲಿನ ಡಾಕ್ಟರು. ಊರವರ ಬಾಯಿ ಬಿಡಿಸುವುದೇ ಕಸುಬಾದ ಆ ಮಹಾನುಭಾವ ಮನೆಯಲ್ಲಿ ತನ್ನ ಬಾಯಿ ಬಿಡದೆ ಹನ್ನೊಂದು ವರ್ಷವಾಗಿತ್ತಂತೆ. ಹೊಡೆದವನಲ್ಲ, ಬೈದವನೂ ಅಲ್ಲ. ಉಪ್ಪು ಬೇಕಾದರೆ ಅಡುಗೆಮನೆಯ ಸ್ಲೇಟಿನ ಮೇಲೆ 'ಉಪ್ಪು' ಎಂದು ಬರೆದಿಡುತ್ತಿದ್ದ. ಯಾಕೆ ಹೀಗೆ ಎಂದು ಆಕೆ ಕೇಳಿದರೆ ಸ್ಲೇಟನ್ನು ಒರೆಸಿಡುತ್ತಿದ್ದ.

ಮೌನವಾಗಿರುವುದು ಅಪರಾಧವಲ್ಲವೆಂದು ಅಲ್ಲಿನ ವಕೀಲರು ಒಂದು ಉಪಾಯ ಹೇಳಿಕೊಟ್ಟರಂತೆ: ಬಾಡಿಗೆಯ ಹೆಂಗಸೊಬ್ಬಳ ಜೊತೆ ಗಂಡ ಹೋಟೆಲಿನ ಕೋಣೆಯಲ್ಲಿ ಕೂರಲಿ, ಫೋಟೋ ತೆಗೆಸೋಣ. ಡಾಕ್ಟರು ಅದಕ್ಕೂ ತಲೆಯಾಡಿಸಿ ಹೋದ. ಫೋಟೋದಲ್ಲಿ ನೋಡಿದರೆ ಆ ಹೆಂಗಸು ಮಂಚದ ಈ ತುದಿಯಲ್ಲಿ ಆಕಳಿಸುತ್ತಿದ್ದಾಳೆ, ಈ ಪುಣ್ಯಾತ್ಮ ಆ ತುದಿಯಲ್ಲಿ ಕೋಟು, ಟೋಪಿ, ಕೈಗವಸು ಹಾಕಿಕೊಂಡೇ ಪೇಪರು ಓದುತ್ತಿದ್ದಾನೆ. ಅಲ್ಲಿನ ನ್ಯಾಯಾಧೀಶರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಪಾಪ ಅಲ್ಲಮ್ಮ, ರೈಲಿಗೆ ಕಾಯೋದು" ಎಂದು ಅರ್ಜಿ ವಜಾ ಮಾಡಿದರಂತೆ. ಇದನ್ನು ಹೇಳುವಾಗ ಹೆನ್ರಿಯೆಟಾ ನಗಲಿಲ್ಲ, ಅವಳು ನಗದಿದ್ದರಿಂದ ನಾವೂ ಬಲವಂತವಾಗಿ ನಗು ನುಂಗಿಕೊಂಡೆವು.

ನಮ್ಮ ಊರ ಶಾಲೆಗೆ ಟೀಚರು ಬೇಕಾಗಿತ್ತು. ಹೆನ್ರಿಯೆಟಾ ಮದುವೆಗೆ ಮುಂಚೆ ಪಾಠ ಹೇಳುತ್ತಿದ್ದವಳು. ಶಾಲೆಯ ಮೂವರು ಪಂಚರೂ ಭಾನುವಾರ ನನ್ನ ಮೇಜಿನಲ್ಲೇ ಉಣ್ಣುವವರಾದ್ದರಿಂದ ಮಾತಾಡಲು ದೂರ ಹೋಗಬೇಕಿರಲಿಲ್ಲ. ಆದರೆ ಗಂಡನಿರುವ ಹೆಂಗಸನ್ನು ಟೀಚರಾಗಿ ಇಟ್ಟುಕೊಳ್ಳಬಾರದೆಂಬುದು ಅವರ ನಿಯಮ. ಗಂಡನ ಊಟ ತಡವಾಗುತ್ತದಲ್ಲ, ಅದಕ್ಕೆ! ಸೆಪ್ಟೆಂಬರ್ ಎಂಟಕ್ಕೆ ಶಾಲೆ ಶುರು, ಆ ಹೊತ್ತಿಗೆ ತೀರ್ಪು ಕೈಯಲ್ಲಿದ್ದರೆ ಕೆಲಸ ಆಕೆಯದು, ಇಲ್ಲದಿದ್ದರೆ ಬೇರೊಬ್ಬರದು ಎಂದು ಮಾತಾಯಿತು. ಹೆನ್ರಿಯೆಟಾ ಮಾರನೆಯ ದಿನವೇ ನಿಲ್ದಾಣಕ್ಕೆ ಹೋಗಿ ತನ್ನ ವಾಪಸು ಚೀಟಿಯನ್ನು ಹಿಂದಿರುಗಿಸಿ ಬಂದಳು. ಹಾಗೆ ಮಾಡಿದವಳನ್ನು ನಾನು ನೋಡಿದ್ದು ಅದೇ ಮೊದಲು.

ಇನ್ನು ತಮ್ಮ ಉಪಕಾರಕ್ಕೆ ಬರುತ್ತೇನೆ. ಆಗಸ್ಟ್ ಇಪ್ಪತ್ತೊಂದು, ಶುಕ್ರವಾರ, ನನ್ನ ಮೈದುನ ಬೆನ್ಯಾತ್ ಕುರಿ ಮೇಯಿಸುತ್ತಿದ್ದ ಬೆಟ್ಟದ ಬಿಡಾರಕ್ಕೆ ಸೆನೆಟರ್ ಎಂಬ ನಮ್ಮ ಹೇಸರಗತ್ತೆಯ ಮೇಲೆ ಹುರುಳಿಕಾಯಿ, ವೈನು, ಹಿಟ್ಟು ಹೇರಿ ಕಳಿಸುವಾಗ ಹೆನ್ರಿಯೆಟಾ, "ನೆಲದಲ್ಲಿ ಗುಂಡಿ ತೋಡಿ ಬ್ರೆಡ್ ಸುಡ್ತಾರಂತಲ್ಲ, ನಾನೂ ನೋಡ್ಬೇಕು" ಎಂದು ಹೊರಟಳು. ಹೋದ ಮೇಲೆ ಗುಡುಗು ಮಳೆ ಬಂದು ತೊರೆ ಉಕ್ಕಿತು. ಶನಿವಾರ ಪೂರ್ತಿ ಬಿಡಾರದಲ್ಲೇ ಉಳಿದು ಭಾನುವಾರ ಬೆಳಿಗ್ಗೆ ಇಳಿದು ಬಂದವಳ ಗಂಟಲು ಕಟ್ಟಿಹೋಗಿತ್ತು. ನೆಗಡಿಯೇನೆ ಎಂದು ಹಣೆ ಮುಟ್ಟಿ ನೋಡಿದರೆ, "ಇಲ್ಲಾ ಗ್ರಾಸಿಯಾನಾ ಅವ್ರೇ, ಮಾತಾಡಿ ಮಾತಾಡಿ ಹೀಗಾಯ್ತು" ಎಂದಳು. ತಿಂಗಳುಗಟ್ಟಲೆ ಕುರಿಗಳ ಜೊತೆಯೇ ಇರುವ ಬೆನ್ಯಾತನಿಗೆ ಎರಡು ಕಿವಿ ಸಿಕ್ಕಿದರೆ ಸುಮ್ಮನೆ ಬಿಡುವವನಲ್ಲ. ಇವಳೂ ಹನ್ನೊಂದು ವರ್ಷದ ಬಾಕಿಯನ್ನು ಒಂದೇ ದಿನ ತೀರಿಸಿದಳೆಂದು ಕಾಣುತ್ತದೆ. ಆ ಕಟ್ಟಿದ ಗಂಟಲನ್ನು ಕೇಳಿ ನನಗೆ ಅಳು ಬಂತು, ಒಲೆಯ ಹೊಗೆಯೆಂದು ನೆಪ ಹೇಳಿದೆ.

ಆಗಸ್ಟ್ ಮೂವತ್ತೊಂದಕ್ಕೆ ವಿಚಾರಣೆ. "ನೆವಾಡದಲ್ಲೇ ನೆಲೆಸೋ ಮನಸ್ಸು ಇದೆಯೇನಮ್ಮಾ?" ಎಂದರೆ ಹೆನ್ರಿಯೆಟಾ, "ಇದೆ ಸ್ವಾಮಿ, ಮುಂದಿನ ಮಂಗಳವಾರ ಶಾಲೆ ಇದೆ" ಎಂದಳು. ಆ ಕಟಕಟೆಯಲ್ಲಿ ಆ ಪ್ರಶ್ನೆಗೆ ನಿಜವಾದ ಉತ್ತರ ಬಂದದ್ದು ಅದೇ ಮೊದಲಿರಬೇಕು, ಗುಮಾಸ್ತ ತಲೆಯೆತ್ತಿ ನೋಡಿದ. ನನ್ನ ಸರದಿ ಬಂತು. ಒಂದು ಶನಿವಾರ ಬಿಟ್ಟು ದಿನಾ ನೋಡಿದ್ದೇನೆ, ಆ ದಿನ ನನ್ನ ಮೈದುನ ನೋಡಿದ್ದಾನೆ ಎಂದೆ. ಮದುವೆಯ ಕೋಟು ತೊಟ್ಟು ಬಂದಿದ್ದ ಬೆನ್ಯಾತ್ ಎದೆಯುಬ್ಬಿಸಿ ಎದ್ದು ನಿಂತ. ನಮ್ಮ ಕುರಿಗಾಹಿಗಳಿಗೆ ಆಸ್ಪೆನ್ ಮರದ ಬಿಳಿ ತೊಗಟೆ ಕಂಡರೆ ಚಾಕುವಿನಲ್ಲಿ ಹೆಸರು, ತಾರೀಕು ಕೊರೆಯದೆ ಕೈ ಸುಮ್ಮನಿರುವುದಿಲ್ಲವೆಂಬುದು ತಮಗೆ ಗೊತ್ತೇ ಇದೆ. "ಬರೀ ನೋಡಿದ್ದಲ್ಲ ಸ್ವಾಮಿ, ಸಾಕ್ಷಿ ಬೇಕಂದ್ರೆ ಮರದ ಮೇಲೇ ಕೆತ್ತಿದೀನಿ. 'ಹೆನ್ರಿಯೆಟಾ, ಆಗಸ್ಟ್ 22, 1936.' ಅವಳಿ ಒರತೆ ಪಕ್ಕದ ದೊಡ್ಡ ಮರ. ನೂರು ವರ್ಷ ಅಳಿಸೋದಿಲ್ಲ!" ಎಂದ. ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರು ಆ ಒರತೆಯ ತೊರೆಯಲ್ಲಿ ಮೀನು ಹಿಡಿಯುವವರು. "ಬೆನ್ಯಾತ್, ಅಲ್ಲಿ ಮೀನು ಹಿಡಿಯೋಕೆ ನಾನು ಕ್ಯಾಲಿಫೋರ್ನಿಯಾದ ಪರವಾನಗಿ ತಗೊಂಡಿದೀನಲ್ಲಪ್ಪಾ" ಎಂದರು. "ಕುರಿ ಹುಲ್ಲು ಇರೋ ಕಡೆ ಹೋಗ್ತಾವೆ ಸ್ವಾಮಿ, ನಾನು ಕುರಿ ಹಿಂದೆ ಹೋಗ್ತೀನಿ" ಎಂದು ಬೆನ್ಯಾತ್ ಕೂತುಬಿಟ್ಟ.

ನ್ಯಾಯಾಧೀಶರು ಒಳ್ಳೆಯ ಮನುಷ್ಯ, ಸರಪಳಿ ಕೊಟ್ಟು ಭೂಮಿ ಅಳೆಯುವವನನ್ನು ಬೆಟ್ಟಕ್ಕೆ ಕಳಿಸಿದರು. ಮರ ತಮ್ಮ ಆಚೆ ಬದಿಗೆ ಹನ್ನೊಂದು ಅಡಿ ಇದೆಯೆಂದು ವರದಿ ಬಂತು. ಗಂಡ ಮಾತಾಡದ ವರ್ಷಕ್ಕೆ ಒಂದರಂತೆ ಸರಿಯಾಗಿ ಹನ್ನೊಂದು. ಅರವತ್ತಮೂರು ಸುಳ್ಳುಗಳು ತಮ್ಮ ಕಣ್ಣೆದುರೇ ರೈಲು ಹತ್ತಿ ಹೋದಾಗ ತಾವು ಮಲಗಿದ್ದಿರಿ. ಇರುವುದೊಂದೇ ನಿಜ ಹನ್ನೊಂದು ಅಡಿ ಆಚೆ ಹೋಗಿ ಬ್ರೆಡ್ ತಿಂದದ್ದಕ್ಕೆ ದಡಕ್ಕನೆ ಎದ್ದು ಕೂತಿರಿ. ಎಣಿಕೆ ಮೊದಲಿನಿಂದ, ಬೆಟ್ಟದಿಂದ ಇಳಿದು ಬಂದ ದಿನದಿಂದ ಮತ್ತೆ ಆರು ವಾರ, ಅಕ್ಟೋಬರ್ ಐದಕ್ಕೆ ಬನ್ನಿ ಎಂದು ಆಜ್ಞೆಯಾಯಿತು. ಹೆನ್ರಿಯೆಟಾ ಮನೆಗೆ ಬಂದವಳು ಯಾರ ಜೊತೆಯೂ ಮಾತಾಡದೆ ಕೋಣೆಯ ಬಾಗಿಲು ಹಾಕಿಕೊಂಡಳು. ಆ ಮೌನ ನನ್ನ ಮನೆಗೂ ಬಂತಲ್ಲ ಎಂದು ನನಗೆ ಕೈಕಾಲು ಆಡಲಿಲ್ಲ.

ಆದ್ದರಿಂದ ಮಾನ್ಯರಲ್ಲಿ ನನ್ನ ಬೇಡಿಕೆಗಳು ಇಂತಿವೆ. ತಾವು ದಯವಿಟ್ಟು ಒಮ್ಮೆ ಎದ್ದು ನಿಂತು ಮುಖ ತೋರಿಸಬೇಕು. ಅದಾಗದಿದ್ದರೆ ನಮ್ಮ ಹಿಂಡಿನ ಮುಂದೆ ನಡೆಯುವ ಕುರಿಯ ಕೊರಳ ಗಂಟೆಯನ್ನು ಕಳಿಸಿಕೊಡುತ್ತೇನೆ, ಅದನ್ನು ಕಟ್ಟಿಕೊಂಡಿದ್ದು ಯಾರಾದರೂ ದಾಟುವಾಗ ಅಲ್ಲಾಡಿಸಬೇಕು. ಹನ್ನೊಂದು ಅಡಿ ಪಶ್ಚಿಮಕ್ಕೆ ಸರಿದುಕೊಂಡರೆ ಬಹಳ ಒಳ್ಳೆಯದು; ಆಚೆಯವರದು ಬಹಳ ದೊಡ್ಡ ರಾಜ್ಯ, ಅವರಿಗೆ ಗೊತ್ತೂ ಆಗುವುದಿಲ್ಲ. ಸರಿಯಲು ವಯಸ್ಸಾಗಿದ್ದರೆ ಆ ಒಂದು ಶನಿವಾರದ ಮಟ್ಟಿಗೆ ಹೊಟ್ಟೆಯನ್ನು ಒಳಗೆ ಎಳೆದುಕೊಂಡಿದ್ದೆನೆಂದು ಒಂದು ಪ್ರಮಾಣಪತ್ರವನ್ನಾದರೂ ಬರೆದುಕೊಡಬೇಕು. ತಮ್ಮ ಬಂಧುಗಳನ್ನೆಲ್ಲ ಒಂದು ಕಡೆ ಸೇರಿಸಿ, ಗಂಡಹೆಂಡಿರ ಬಾಳು ಹಾಳಾಗಿದೆಯೆಂದು ತಿಳಿಯಲು ಎಷ್ಟು ದಿನ ಬೇಕೆಂಬುದನ್ನು ನಲವತ್ತೆಂಟು ರಾಜ್ಯಗಳೂ ಒಂದೇ ಬಾಯಲ್ಲಿ ಹೇಳುವಂತೆ ಮಾಡಿದರೆ ನನ್ನ ಕೋಣೆಗಳು ಖಾಲಿ ಬೀಳುತ್ತವೆ. ಬೀಳಲಿ, ಕುರಿಗಾಹಿಗಳಿಗೆ ಬಾಡಿಗೆ ಕೊಟ್ಟು ಬದುಕುತ್ತೇನೆ.

ತಮ್ಮ ಉತ್ತರ ಬರುವವರೆಗೆ ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಕಳೆದ ಭಾನುವಾರ ಮೂವರು ಪಂಚರೂ ಊಟಕ್ಕೆ ಕೂತಾಗ ಕುರಿಮಾಂಸದ ಸಾರಿನ ಪಾತ್ರೆಯನ್ನು ಮೇಜಿನ ನಡುವೆ ಇಟ್ಟು, ಸೌಟನ್ನು ಕೈಯಲ್ಲೇ ಹಿಡಿದು ನಿಂತೆ. "ಬಡಿಸಮ್ಮಾ, ಆರಿಹೋಗುತ್ತೆ" ಎಂದರು. "ಶಾಲೆ ವಿಚಾರ ಮೊದಲು ಮುಗೀಲಿ" ಎಂದೆ. ಗುಟ್ಟಾಗಿ ಏನೇನೋ ಮಾತಾಡಿಕೊಂಡರು. ಸಾರಿನ ಹಬೆ ನಿಲ್ಲುವ ಹೊತ್ತಿಗೆ, ಶಾಲೆಯ ಹೊಗೆಗೂಡು ಬಹಳ ಶಿಥಿಲವಾಗಿದೆ, ರಿಪೇರಿಗೆ ಸರಿಯಾಗಿ ನಾಲ್ಕು ವಾರ ಹಿಡಿಯುತ್ತದೆ, ಅಕ್ಟೋಬರ್ ಆರಕ್ಕೆ ಶಾಲೆ ಶುರು ಎಂದು ತೀರ್ಮಾನವಾಯಿತು. ಹೊಗೆಗೂಡು ಕಲ್ಲಿನಂತಿದೆ. ಒಬ್ಬ ಮೇಲೆ ಹತ್ತಿ ಒಂದು ಇಟ್ಟಿಗೆ ತೆಗೆಯುತ್ತಾನೆ, ಸಂಜೆ ಅದನ್ನೇ ಅಲ್ಲೇ ಇಟ್ಟು ಇಳಿಯುತ್ತಾನೆ. ಮಕ್ಕಳು ದಿನಾ ಬಂದು ಕೆಲಸ ನಿಧಾನವಾಗಲೆಂದು ಹುರಿದುಂಬಿಸುತ್ತಿದ್ದಾರೆ. ಮಾನ್ಯರೇ, ತಾವು ಹನ್ನೊಂದು ಅಡಿ ಸರಿಯಲಿಲ್ಲ. ನಾವು ನಾಲ್ಕು ವಾರ ಸರಿದೆವು.

ಹೇಸರಗತ್ತೆಯನ್ನು ಕಟ್ಟಿಹಾಕಿದ್ದೇನೆ. ಹೆನ್ರಿಯೆಟಾಳನ್ನು ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಊಟಕ್ಕೊಮ್ಮೆ, ಮಲಗುವ ಮುಂಚೆ ಒಮ್ಮೆ ಕಣ್ಣಾರೆ ನೋಡಿ ಗೋಡೆಯ ಮೇಲೆ ಗೀಟು ಹಾಕುತ್ತಿದ್ದೇನೆ. ಅವಳು ಬಾಗಿಲು ತೆರೆದು ಹೊರಗೆ ಬಂದಿದ್ದಾಳೆ, ಈಗ ಊಟದ ಮೇಜಿನಲ್ಲಿ ಬೆನ್ಯಾತನಿಗೇ ಮಾತಾಡಲು ಸಂದು ಸಿಗುತ್ತಿಲ್ಲ.

ತಪ್ಪಿದ್ದರೆ ಕ್ಷಮೆಯಿರಲಿ, ತಪ್ಪು ತಮ್ಮದಾದರೆ ಸರಿಪಡಿಸಿಕೊಳ್ಳುವುದು.

ಇತಿ, ತಮ್ಮ ಈಚೆ ಬದಿಯ ವಿಶ್ವಾಸಿ,
ಗ್ರಾಸಿಯಾನಾ ಎಚೆಗಾರೆ

ವಿ.ಸೂ.: ಖಾಲಿ ಶಾಲೆಯಲ್ಲಿ ಹೆನ್ರಿಯೆಟಾ ಮಕ್ಕಳಿಗಾಗಿ ಗೋಡೆಯಗಲದ ದೇಶದ ನಕ್ಷೆ ಬರೆಯುತ್ತಿದ್ದಾಳೆ. ತಮ್ಮ ಬಂಧುಗಳೆಲ್ಲರಿಗೂ ಕಪ್ಪು ಶಾಯಿಯಲ್ಲಿ ಜಾಗ ಸಿಕ್ಕಿತು. ತಮ್ಮ ಬಳಿ ಬಂದಾಗ ಅವಳ ಕೈ ನಿಂತು, "ಗ್ರಾಸಿಯಾನಾ ಅವ್ರೇ, ಇದೊಂದನ್ನ ಏನು ಮಾಡ್ಲಿ?" ಎಂದು ಕೇಳಿದಳು. "ಪೆನ್ಸಿಲಲ್ಲಿ ಬರಿ ತಾಯಿ" ಎಂದೆ. ಬರೆದಿದ್ದಾಳೆ. ರಬ್ಬರು ನನ್ನ ಜೇಬಿನಲ್ಲಿದೆ.