ಕಾದ ಹೊತ್ತನ್ನು ಲೆಕ್ಕಕ್ಕೆ ಬರೆಯುವ ಬಗ್ಗೆ

ಸುತ್ತೋಲೆ ಸಂಖ್ಯೆ: ಪೀಠೋಪ/ಕಾಯು/14/131¼

ವಿಷಯ: ವೇಗವಾಗಿ ಬೆಳೆಯುತ್ತಿರುವ ಸರ್ಕಾರಿ ಗುತ್ತಿಗೆದಾರರು ಲೆಕ್ಕಪತ್ರದ ಸಾಫ್ಟ್‌ವೇರ್‌ನಲ್ಲಿ ನಿಜ ನಮೂದಿಸುತ್ತಿರುವ ಬಗ್ಗೆ.

ಉಲ್ಲೇಖ: (1) ಸಾಫ್ಟ್‌ವೇರ್ ಕಡ್ಡಾಯಗೊಳಿಸಿದ ಇದೇ ಕಚೇರಿಯ ಸುತ್ತೋಲೆ. (2) ಸದರಿ ಸುತ್ತೋಲೆಯನ್ನು ಒಬ್ಬರು ಪೂರ್ತಿ ಓದಿದ್ದಾರೆಂಬ ವರದಿ.

ಪ್ರಸ್ತಾವನೆ: ಸರ್ಕಾರಿ ಕಚೇರಿಗಳಲ್ಲಿ ಸಾರ್ವಜನಿಕರು ಕೂರುವ ಬೆಂಚುಗಳನ್ನು ಮಾಡಿಕೊಡುವ ಗುತ್ತಿಗೆದಾರರೊಬ್ಬರ ಬಳಿ ಎರಡು ವರ್ಷದ ಹಿಂದೆ ಹನ್ನೊಂದು ಮಂದಿ ಬಡಗಿಗಳಿದ್ದು, ಕಾಯುವವರು ಹೆಚ್ಚಿದಂತೆ ಬೆಂಚೂ ಹೆಚ್ಚಿ, ಈಗ ನೂರ ನಲವತ್ತು ಮಂದಿ ಇರುತ್ತಾರೆ. ಹೀಗೆ ಬೆಳೆಯುವವರ ಮೇಲೆ ಕಣ್ಣಿಡಲು ಸಾಫ್ಟ್‌ವೇರ್ ಕಡ್ಡಾಯಗೊಳಿಸಲಾಯಿತು. ಪ್ರತಿ ನೌಕರರು ದಿನದ ಪ್ರತಿ ಕಾಲು ಗಂಟೆಯನ್ನು ಯಾವ ಕಾಮಗಾರಿಗೆ ಕಳೆದರೆಂದು ಬರೆಯತಕ್ಕದ್ದು; ಬರೆದದ್ದು ಅಳಿಯದು; ತಿದ್ದಲು ಕಾರಣ ಕೊಡತಕ್ಕದ್ದು; ತಿಂಗಳ ಕೊನೆಗೆ ಲೆಕ್ಕವು ತಾನಾಗಿಯೇ ತಪಾಸಣಾ ಶಾಖೆಗೆ ಹೋಗತಕ್ಕದ್ದು. ಇದಾವುದೂ ನಡೆಯಲಾರದೆಂಬ ನಂಬಿಕೆಯ ಮೇಲೆ ಆದೇಶಕ್ಕೆ ಸಹಿ ಮಾಡಲಾಗಿತ್ತು.

1. ಸದರಿ ಸಂಸ್ಥೆಯ ಲೆಕ್ಕ ನೋಡುವ ಮಹಿಳೆಯನ್ನು ಎಲ್ಲರೂ ‘ಲೆಕ್ಕದಕ್ಕ’ ಎಂದು ಕರೆಯುತ್ತಾರೆ. ಇಪ್ಪತ್ತಾರು ವರ್ಷ ಪುಸ್ತಕದಲ್ಲೇ ಲೆಕ್ಕ ಬರೆದ ಇವರು ನಾಲ್ಕು ದಿನದಲ್ಲಿ, ಒಂದೇ ಬೆರಳಿನಿಂದ, ಸಾಫ್ಟ್‌ವೇರ್ ಕಲಿತಿರುತ್ತಾರೆ. ತರಬೇತಿಯಲ್ಲಿ “ಏನು ಮಾಡಿದಿರೋ ಅದನ್ನೇ ಬರೆಯಿರಿ” ಎನ್ನಲಾಗಿದ್ದು, ಉಳಿದವರು ಅದನ್ನು ಬಾಯಿಮಾತೆಂದು ಬಿಟ್ಟರು. ಲೆಕ್ಕದಕ್ಕ ಮಾತ್ರ ಹಾಗೆಯೇ ಬರೆದರು.

2. ಬೆಂಚುಗಳ ತಪಾಸಣಾ ಪತ್ರಕ್ಕೆ ಸಹಿ ಪಡೆಯಲು ಅವರು 14ನೇ ಕೊಠಡಿಯ ಮುಂದೆ ಹತ್ತೊಂಬತ್ತು ದಿನ ಕುಳಿತಿರುತ್ತಾರೆ. ಅವರ ನಮೂದುಗಳ ಮಾದರಿ: “10.15: ಸಾಹೇಬರು ಸೀಟಿನಲ್ಲಿಲ್ಲ. ಕನ್ನಡಕ ಇದೆ.” “11.30: ಕನ್ನಡಕ ಇದೆ.” “3.45: ಸಾಹೇಬರು ಬಂದರು, ಕನ್ನಡಕ ತೆಗೆದುಕೊಂಡು ಹೋದರು.” ತಿಂಗಳ ಕೊನೆಗೆ ಸಾಫ್ಟ್‌ವೇರ್ ಒಟ್ಟು ಹಾಕಿ, ಇಲಾಖೆಯ ಕಾಮಗಾರಿಗೆ ನೂರ ಮೂವತ್ತೊಂದೂಕಾಲು ಗಂಟೆ ಕಾಯಲಾಗಿದೆ ಎಂದು ತಪಾಸಣಾ ಶಾಖೆಗೆ ಕಳುಹಿಸಿತು. ಅಲ್ಲಿಯವರು ಕೊಠಡಿಯ ಅಧಿಕಾರಿಗೆ ವಿವರಣೆ ಕೇಳಿದರು. ಅಧಿಕಾರಿಯು, ನಮೂದು ತಿದ್ದುವವರೆಗೆ ತಪಾಸಣಾ ಪತ್ರಕ್ಕೆ ಸಹಿ ಇಲ್ಲವೆಂದು ಗುತ್ತಿಗೆದಾರರಿಗೆ ಹೇಳಿ ಕಳುಹಿಸಿದರು.

3. ಸಹಿ ಬಾರದಿದ್ದರೆ ಬಿಲ್ಲಿನ ಹಣವೂ ಬಾರದೆ, ಸೋಮವಾರದಿಂದ ಅರ್ಧದಷ್ಟು ಬಡಗಿಗಳನ್ನು ಮನೆಗೆ ಕಳುಹಿಸಬೇಕಿತ್ತು. ಗುತ್ತಿಗೆದಾರರು ಲೆಕ್ಕದಕ್ಕನ ಮೇಜಿನ ಮುಂದೆ ನಿಂತು ಆಡಿದ ಮಾತನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

“ಅಕ್ಕಾ, ಕಾಯ್ತಿದ್ದೆ ಅನ್ನೋ ಕಡೆ ಮೀಟಿಂಗ್ ಅಂತ ಹಾಕಿಬಿಡಿ. ಅಷ್ಟೇ ತಾನೆ.”

“ಮೀಟಿಂಗ್ ಅಂದ್ರೆ ಇಬ್ಬರು ಬೇಕಪ್ಪ. ಅಲ್ಲಿದ್ದದ್ದು ನಾನೊಬ್ಬಳೇ.”

“ಎಪ್ಪತ್ತು ಮನೆ ಒಲೆ ಅಕ್ಕಾ.”

ಅಂದು ಲೆಕ್ಕದಕ್ಕನ ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಮನೆಗೆ ಹೋಗಿರುತ್ತದೆ. ತಿದ್ದುವ ಕಿಟಕಿಯನ್ನು ಅವರು ಮೂರು ಬಾರಿ ತೆರೆದು, ‘ಕಾರಣ’ ಎಂಬ ಖಾಲಿ ಜಾಗವನ್ನು ನೋಡಿ, ಮೂರು ಬಾರಿಯೂ ಮುಚ್ಚಿದ್ದಾರೆಂಬುದು ಸಾಫ್ಟ್‌ವೇರ್‌ನಿಂದಲೇ ತಿಳಿದುಬಂದಿದೆ.

4. ಮಾರನೆಯ ಬೆಳಿಗ್ಗೆ ಅವರು ಬಡಗಿಗಳ ಶೆಡ್ಡಿಗೆ ಹೋಗಿ, ತಮ್ಮಿಂದಲೇ ಸಹಿ ನಿಂತಿದೆಯೆಂದು ತಾವೇ ಹೇಳಿದರು. ಯಂತ್ರಗಳು ನಿಂತವು. ಎಲ್ಲರಿಗಿಂತ ಹಿರಿಯ ಬಡಗಿಯು “ಬರೆದದ್ದು ಸುಳ್ಳಾ ಅಕ್ಕಾ?” ಎಂದು ಕೇಳಿದರು. “ಅಲ್ಲಣ್ಣ.” “ಹಾಗಿದ್ರೆ ಸೋಮವಾರ ಬರಲಿ, ನೋಡೋಣ ಬಿಡಿ” ಎಂದು ಅವರು ಮರ ಹೆರೆಯುವ ರಂದ ಕೈಗೆತ್ತಿಕೊಂಡರು. ಲೆಕ್ಕದಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಮರದ ಪುಡಿಯ ಕಾರಣದಿಂದ ಎಂದು ತಿಳಿಯಲಾಗಿದೆ.

5. ಅದೇ ಹೊತ್ತಿಗೆ 14ನೇ ಕೊಠಡಿಯ ಅಧಿಕಾರಿಯು, ನಮೂದನ್ನು ಎದುರಿಗೇ ನಿಂತು ತಿದ್ದಿಸಲು, ಸಂಸ್ಥೆಯ ಕಚೇರಿಗೆ ಖುದ್ದಾಗಿ ಬಂದರು. ಲೆಕ್ಕದಕ್ಕ ಸೀಟಿನಲ್ಲಿರಲಿಲ್ಲ. ಅಧಿಕಾರಿಯು ಅಲ್ಲಿ ಸರಬರಾಜಿಗೆಂದು ಇಟ್ಟಿದ್ದ ಬೆಂಚಿನ ಮೇಲೆ ಒಂದು ಗಂಟೆ ಹತ್ತು ನಿಮಿಷ ಕುಳಿತರು, ಗಡಿಯಾರ ನೋಡಿದರು, ಎದ್ದರು, ಮತ್ತೆ ಕುಳಿತರು. ಯಾರೂ ನೀರು ಬೇಕೆ ಎಂದು ಕೇಳಲಿಲ್ಲ, ಏಕೆಂದರೆ ಅವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಲೆಕ್ಕದಕ್ಕ ಬಂದವರೇ ಗುರುತು ಹಿಡಿದು, ಒಂದು ಲೋಟ ನೀರು ಕೊಟ್ಟು, ಕಂಪ್ಯೂಟರ್ ಮುಂದೆ ಕುಳಿತು ಕೇಳಿದರು:

“ತುಂಬ ಹೊತ್ತಾಯ್ತಾ ಸಾರ್? ನೀವು ಕಾದದ್ದನ್ನೂ ಬರೀಲಾ?”

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲವೆಂದು ಅಧಿಕಾರಿಯೇ ಒಪ್ಪಿರುತ್ತಾರೆ. ನೀರು ಕುಡಿದು ಲೋಟವನ್ನು ಬೆಂಚಿನ ಮೇಲಿಟ್ಟು, “ಬೆಂಚು ಗಟ್ಟಿಯಾಗಿದೆ” ಎಂದು ಹೇಳಿ, ತಪಾಸಣೆಯನ್ನು ಸ್ವತಃ ಕುಳಿತು ಪೂರೈಸಿದಂತೆ ಪರಿಗಣಿಸಿ, ಅಲ್ಲಿಯೇ ಸಹಿ ಮಾಡಿದರು. ತಪಾಸಣಾ ಶಾಖೆಗೆ ಕೊಡಬೇಕಾದ ವಿವರಣೆಯಲ್ಲಿ “ಅವರು ಕಾದದ್ದು ನಿಜ” ಎಂದಷ್ಟೇ ಬರೆದರು. ಸೋಮವಾರ ನೂರ ನಲವತ್ತು ಮಂದಿಯೂ ಕೆಲಸಕ್ಕೆ ಹಾಜರಾಗಿರುತ್ತಾರೆ.

6. ಇಂತಹ ಘಟನೆ ಮರುಕಳಿಸಬಾರದಾದ್ದರಿಂದ ಈ ಕೆಳಕಂಡಂತೆ ಆದೇಶಿಸಿದೆ:

(ಅ) ಇನ್ನು ಮುಂದೆ ‘ಕಾಯುವುದು’ ಎಂಬ ಪದದ ಬದಲು ‘ಸ್ಥಿರ ಪ್ರಯಾಣ’ ಎಂದು ನಮೂದಿಸತಕ್ಕದ್ದು.

(ಆ) ಕಾಲು ಗಂಟೆಗಿಂತ ಕಡಿಮೆ ಕಾದವರು ಕಾದಂತೆ ಆಗುವುದಿಲ್ಲ. ಅಂಥವರು ಕೆಲಸ ಮುಗಿದ ಮೇಲೂ ಕುಳಿತು ಕಾಲು ಗಂಟೆಯನ್ನು ಭರ್ತಿ ಮಾಡತಕ್ಕದ್ದು.

(ಇ) ಮೀಟಿಂಗ್‌ಗೆ ಇಬ್ಬರು ಬೇಕೆಂಬ ಆಕ್ಷೇಪಣೆಯನ್ನು ಪರಿಶೀಲಿಸಲಾಗಿ, ಒಬ್ಬರೇ ಇದ್ದಲ್ಲಿ ಅವರು ಎರಡು ಬಾರಿ ಹಾಜರಿ ಹಾಕತಕ್ಕದ್ದು.

(ಈ) ಮೇಜಿನ ಮೇಲೆ ಕನ್ನಡಕವಿದ್ದಲ್ಲಿ ಅಧಿಕಾರಿಯು ಹಾಜರಿದ್ದಂತೆ ಭಾವಿಸತಕ್ಕದ್ದು. ಕನ್ನಡಕಕ್ಕೆ ಸಹಿ ಮಾಡುವ ಅಧಿಕಾರ ನೀಡುವ ಪ್ರಸ್ತಾವನೆಯು ಆರ್ಥಿಕ ಶಾಖೆಯ ಪರಿಶೀಲನೆಯಲ್ಲಿದೆ.

(ಉ) ಈ ಸುತ್ತೋಲೆಯನ್ನು ಯಾರೂ ಪೂರ್ತಿ ಓದತಕ್ಕದ್ದಲ್ಲವೆಂದು ಈ ಮೂಲಕ ಸೂಚಿಸಲಾಗಿದೆ.

ಸಹಿ/-
(ಸೀಟಿನಲ್ಲಿ ಇಲ್ಲದವರ ಪರವಾಗಿ)

ಪ್ರತಿಗಳು:

1. ವೇಗವಾಗಿ ಬೆಳೆಯುತ್ತಿರುವ ಎಲ್ಲ ಗುತ್ತಿಗೆದಾರರಿಗೆ, ಪಾಲನೆಗಾಗಿ.

2. ನಿಧಾನವಾಗಿ ಬೆಳೆಯುತ್ತಿರುವ ಗುತ್ತಿಗೆದಾರರಿಗೆ, ಎಚ್ಚರಿಕೆಗಾಗಿ.

3. ತಪಾಸಣಾ ಶಾಖೆಗೆ. ಇದನ್ನು ಓದಿದ ಹೊತ್ತನ್ನು ಯಾವ ಕಾಮಗಾರಿಗೂ ಹಾಕಬಾರದು.

4. ಕಚೇರಿ ಪ್ರತಿ. ಸಿಕ್ಕಿರುವುದಿಲ್ಲ.

5. ಲೆಕ್ಕದಕ್ಕ ಅವರಿಗೆ. 14ನೇ ಕೊಠಡಿಗೆ ಖುದ್ದಾಗಿ ಬಂದು ಪಡೆಯತಕ್ಕದ್ದು. ಬರುವ ಹೊತ್ತನ್ನು ದಯವಿಟ್ಟು ಒಂದು ದಿನ ಮೊದಲೇ ತಿಳಿಸುವುದು. ಸಾಹೇಬರು ಬಾಗಿಲಲ್ಲೇ ನಿಂತಿರುತ್ತಾರೆ.